ಸೆಲ್ಫ್ ತಗೊಳ್ತಿಲ್ಲ: ಹಳೇ ಅಂಬಾಸಿಡರ್‌ನ ಸ್ಟಾರ್ಟರ್ ದೋಷ ಹುಡುಕುವ ಬಗೆ

ಚಿಕ್ಕಮಗಳೂರು ಕಡೆ ಹಳೇ ಅಂಬಾಸಿಡರ್ ಇಟ್ಟುಕೊಂಡವರ ಬಾಯಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಒಂದೇ ಮಾತು: "ಸೆಲ್ಫ್ ತಗೊಳ್ತಿಲ್ಲ." ಇಷ್ಟು ಕೇಳಿದ್ದೇ ತಡ, ಗಾಡಿ ಕೆಳಗೆ ನುಗ್ಗಿ ಸೆಲ್ಫ್ ಮೋಟಾರ್ ಬಿಚ್ಚುವವರೇ ಜಾಸ್ತಿ. ಮೋಟಾರ್ ವೈಂಡಿಂಗ್ ಅಂಗಡಿಗೆ ಹೋಗುತ್ತದೆ, ದುಡ್ಡು ಖರ್ಚಾಗುತ್ತದೆ, ವಾಪಸ್ ತಂದು ಕೂರಿಸಿದರೆ ಮತ್ತದೇ 'ಟಕ್'. ನಾನು ಕಂಡಂತೆ ನಮ್ಮ ಮಲೆನಾಡಿನ ತೇವಕ್ಕೆ ಮೊದಲು ಕೆಡುವುದು ಮೋಟಾರಿಗೆ ಕರೆಂಟ್ ತಲುಪಿಸುವ ದಾರಿ. ಮೋಟಾರ್ ಕೆಡುವುದು ಆಮೇಲೆ. ಅದಕ್ಕೇ ಹುಡುಕಾಟ ಬ್ಯಾಟರಿಯಿಂದ ಶುರುವಾಗಬೇಕು, ಮೋಟಾರ್ ಬಿಚ್ಚುವುದು ಕಟ್ಟಕಡೆಗೆ ಬರಬೇಕು.

ಇಲ್ಲಿ ಹೇಳುತ್ತಿರುವುದು 1489 ಸಿಸಿ ಪೆಟ್ರೋಲ್ ಎಂಜಿನ್‌ನ ಅಂಬಾಸಿಡರ್ ಬಗ್ಗೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯಿಂದ ಬಂದ ಗಾಡಿ ಇದು. 2014ರಲ್ಲಿ ಉತ್ತರಪಾರಾದಲ್ಲಿ ತಯಾರಿಕೆ ನಿಂತಿತು. ಆದರೂ ಆಲ್ದೂರು, ಮೂಡಿಗೆರೆ, ಸಕಲೇಶಪುರದ ಕಡೆ ತೋಟದ ಶೆಡ್ಡುಗಳಲ್ಲಿ ಇನ್ನೂ ಚೆನ್ನಾಗಿರುವ ಗಾಡಿಗಳು ಸಿಗುತ್ತವೆ. ಇದರ ಸೆಲ್ಫ್ ಲ್ಯೂಕಾಸ್ ಮಾದರಿಯದು. ಎಂಜಿನ್ ತಿರುಗಿಸುವ ಸಣ್ಣ ಹಲ್ಲುಚಕ್ರ, ಅಂದರೆ ಪಿನಿಯನ್, ಮುಂದೆ ನೆಗೆಯುವುದು ಬೆಂಡಿಕ್ಸ್ ಅನ್ನುವ ಭಾಗದಿಂದ. ಮೋಟಾರಿಗೆ ಕರೆಂಟ್ ಬಿಡುವ ದಪ್ಪ ಸ್ವಿಚ್ಚು, ಅಂದರೆ ಸೊಲೆನಾಯ್ಡ್, ಮೋಟಾರಿನ ಮೇಲೆ ಇರುವುದಿಲ್ಲ, ಬಾನೆಟ್ ಒಳಗೆ ಗಾಡಿಯ ಬಾಡಿ ಮೇಲೆ ಬೇರೆಯಾಗಿ ಕೂತಿರುತ್ತದೆ. ಆಮೇಲೆ ಬಂದ ಇಸುಜು ಎಂಜಿನ್ ಗಾಡಿಗಳಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ಸೊಲೆನಾಯ್ಡ್ ಮೋಟಾರಿನ ಬೆನ್ನ ಮೇಲೇ ಇದ್ದು, ಪಿನಿಯನ್ನನ್ನೂ ಅದೇ ತಳ್ಳುತ್ತದೆ. ಬೆಂಡಿಕ್ಸ್ ಭಾಗ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಅದಕ್ಕೂ, ಪದ್ಮಿನಿಗೂ, ತೋಟದ ಹಳೇ ಜೀಪಿಗೂ ಹೊಂದುತ್ತದೆ.

ಕೈ ಹಾಕುವ ಮುಂಚೆ

ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಲಿ. ಕೈಯಲ್ಲಿರುವ ಉಂಗುರ, ವಾಚ್ ತೆಗೆದಿಡಿ. ಸೆಲ್ಫ್ ವೈರಿನಲ್ಲಿ ಫ್ಯೂಸ್ ಇಲ್ಲ. ಸ್ಪ್ಯಾನರ್ ಬಾಡಿಗೂ ಬ್ಯಾಟರಿಗೂ ಒಟ್ಟಿಗೆ ತಾಗಿದರೆ ಅಲ್ಲೇ ಕೆಂಪಗೆ ಕಾಯುತ್ತದೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಗ್ಯಾಸ್ ಬರುತ್ತದೆ, ಹಾಗಾಗಿ ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ.

ಇನ್ನೊಂದು ಮುಖ್ಯ ವಿಷಯ. ಬ್ರಿಟಿಷ್ ಮೂಲದ ತೀರಾ ಹಳೇ ಗಾಡಿಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ಬಾಡಿಗೆ ಅರ್ತ್ ಆಗಿರಬಹುದು. ಬಹಳಷ್ಟು ಗಾಡಿಗಳನ್ನು ಆಮೇಲೆ ಮೈನಸ್ ಅರ್ತ್‌ಗೆ ಬದಲಾಯಿಸಿದ್ದಾರೆ, ಕೆಲವನ್ನು ಹಾಗೇ ಬಿಟ್ಟಿದ್ದಾರೆ. ಬಾಡಿಗೆ ಬೋಲ್ಟ್ ಆಗಿರುವ ದಪ್ಪ ವೈರ್ ಬ್ಯಾಟರಿಯ ಯಾವ ತುದಿಯಿಂದ ಬಂದಿದೆ ಅಂತ ಕಣ್ಣಾರೆ ನೋಡಿಕೊಳ್ಳಿ. ಪಕ್ಕದಲ್ಲಿ ಪಿಕಪ್ ಗಾಡಿ ನಿಲ್ಲಿಸಿಕೊಂಡು ಅದರ ಬ್ಯಾಟರಿಯಿಂದ ಜಂಪರ್ ಕೇಬಲ್ ಹಾಕುವಾಗ ಇದು ಬಹಳ ಮುಖ್ಯ. ಪ್ಲಸ್ ಅರ್ತ್ ಗಾಡಿಯಾದರೆ ಎರಡು ಗಾಡಿಗಳ ಬಾಡಿ ಒಂದಕ್ಕೊಂದು ತಾಗಲೇಬಾರದು. ಬ್ಯಾಟರಿ ಬಿಚ್ಚುವಾಗ ಯಾವತ್ತೂ ಅರ್ತ್ ಕಡೆಯದನ್ನು ಮೊದಲು ಬಿಚ್ಚಿ, ಹಾಕುವಾಗ ಅದನ್ನೇ ಕೊನೆಗೆ ಹಾಕಿ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಒಂದು ಸಾಧಾರಣ ಮಲ್ಟಿಮೀಟರ್, ಎರಡು ವೈರ್ ಕಟ್ಟಿದ ಬ್ರೇಕ್ ಲೈಟ್ ಬಲ್ಬು, ವೈರ್ ಬ್ರಶ್, ಉಪ್ಪುಕಾಗದ, ಒಂದು ದಪ್ಪ ಜಂಪರ್ ಕೇಬಲ್. ಕೀ ತಿರುಗಿಸಲು ಒಬ್ಬರು ಜೊತೆಗಿದ್ದರೆ ಕೆಲಸ ಸಲೀಸು.

ಹೆಡ್‌ಲೈಟ್ ಹಾಕಿ, ಸೆಲ್ಫ್ ಹೊಡೆಯಿರಿ

ಮೊದಲ ಪರೀಕ್ಷೆಗೆ ಯಾವ ಸಾಮಾನೂ ಬೇಡ. ಗಾಡಿಯನ್ನು ಗೋಡೆಯ ಎದುರು ನಿಲ್ಲಿಸಿ ಹೆಡ್‌ಲೈಟ್ ಹಾಕಿ. ಬೆಳಕು ಗೋಡೆ ಮೇಲೆ ಬೀಳಲಿ. ಈಗ ಸೆಲ್ಫ್ ಹೊಡೆದು, ಕಿವಿಯನ್ನು ಎಂಜಿನ್ ಕಡೆ, ಕಣ್ಣನ್ನು ಗೋಡೆ ಕಡೆ ಇಡಿ.

ಬೆಳಕು ಪೂರ್ತಿ ಬತ್ತಿಹೋಗಿ ಎಂಜಿನ್ ಅಲ್ಲಾಡಲಿಲ್ಲ ಅಂದರೆ ಮೂರರಲ್ಲಿ ಒಂದು. ಬ್ಯಾಟರಿ ಖಾಲಿಯಾಗಿದೆ, ಇಲ್ಲವೇ ಬ್ಯಾಟರಿ ಹತ್ತಿರದ ಕ್ಲಾಂಪ್ ಕೆಟ್ಟಿದೆ, ಇಲ್ಲವೇ ಮೋಟಾರ್ ಎಲ್ಲೋ ಸಿಕ್ಕಿಹಾಕಿಕೊಂಡು ಕರೆಂಟ್ ಎಲ್ಲ ನುಂಗುತ್ತಿದೆ. ಬೆಳಕು ಸ್ವಲ್ಪವೂ ಕುಗ್ಗದೆ ಹಾಗೇ ಇದ್ದರೆ ಮೋಟಾರಿಗೆ ಕರೆಂಟ್ ಹೋಗುತ್ತಲೇ ಇಲ್ಲ ಅಂತ ಅರ್ಥ. ಆಗ ಕೀ ಸ್ವಿಚ್, ಸೊಲೆನಾಯ್ಡ್, ಮೋಟಾರಿನ ಅರ್ತ್ ದಾರಿ, ಅದೂ ಅಲ್ಲದಿದ್ದರೆ ಮೋಟಾರಿನೊಳಗೆ ಕರೆಂಟ್ ದಾಟಿಸುವ ಬ್ರಶ್. ಬೆಳಕು ಸ್ವಲ್ಪ ಕುಗ್ಗಿ, 'ಝುಂಯ್' ಅಂತ ಮೋಟಾರ್ ಖಾಲಿ ತಿರುಗುವ ಸದ್ದು ಬಂದು, ಎಂಜಿನ್ ಮಾತ್ರ ತಿರುಗದಿದ್ದರೆ ಬೆಂಡಿಕ್ಸ್. ಅರ್ಧಂಬರ್ಧ ಕುಗ್ಗಿ ಎಂಜಿನ್ ನಿಧಾನಕ್ಕೆ, ಏದುಸಿರು ಬಿಟ್ಟಂತೆ ತಿರುಗುತ್ತಿದ್ದರೆ ಸಾಮಾನ್ಯವಾಗಿ ದಾರಿಯಲ್ಲಿ ಎಲ್ಲೋ ವೋಲ್ಟೇಜ್ ಸೋರುತ್ತಿದೆ. ನಮ್ಮ ಕಡೆ ಅತಿ ಹೆಚ್ಚು ಕಾಣುವುದು ಈ ಕೊನೆಯದೇ.

ಬ್ಯಾಟರಿ

ಗಾಡಿ ನಿಂತು ಒಂದು ರಾತ್ರಿ ಕಳೆದ ಮೇಲೆ ಮೀಟರ್ ಹಿಡಿಯಿರಿ. 12.6 ವೋಲ್ಟ್ ಬಂದರೆ ತುಂಬಿದೆ. 12.2 ಬಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್‌ಗೆ ಹಾಕಿ, ಅಲ್ಲಿಯವರೆಗೆ ಬೇರೆ ಯಾವುದನ್ನೂ ಅನುಮಾನಿಸಬೇಡಿ. ಎಷ್ಟು ಚಾರ್ಜ್ ಮಾಡಿದರೂ 10.5ರ ಆಸುಪಾಸಿನಲ್ಲೇ ನಿಂತರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ. ಒಂದೊಂದು ಸೆಲ್ ಸುಮಾರು 2.1 ವೋಲ್ಟ್ ಕೊಡುತ್ತದೆ, ಲೆಕ್ಕ ಸರಿಹೋಗುತ್ತದೆ ನೋಡಿ. ಅಂಥ ಬ್ಯಾಟರಿಗೆ ಔಷಧಿ ಇಲ್ಲ.

ನಿಂತ ವೋಲ್ಟೇಜ್ ಒಂದನ್ನೇ ನಂಬಬಾರದು. ಇಗ್ನಿಷನ್ ಕಾಯಿಲ್‌ನ ಸಣ್ಣ ವೈರ್ ಕಿತ್ತು ಎಂಜಿನ್ ಸ್ಟಾರ್ಟ್ ಆಗದ ಹಾಗೆ ಮಾಡಿ, ಸೆಲ್ಫ್ ಹೊಡೆಯುತ್ತಿರುವಾಗಲೇ ಬ್ಯಾಟರಿ ತುದಿಗಳ ಮೇಲೆ ಮೀಟರ್ ಇಡಿ. 10 ವೋಲ್ಟಿನ ಹತ್ತಿರ ನಿಂತರೆ ಸರಿ. 9.6ಕ್ಕಿಂತ ಕೆಳಗೆ ಜಾರಿದರೆ ಬ್ಯಾಟರಿ ಸೊರಗಿದೆ, ಅಥವಾ ಮೋಟಾರ್ ಮಿತಿಮೀರಿ ಎಳೆಯುತ್ತಿದೆ. ಗಟ್ಟಿಮುಟ್ಟಾದ ಇನ್ನೊಂದು ಬ್ಯಾಟರಿ ತಂದು ಇಟ್ಟು ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ.

ಪೇಟೆಯಲ್ಲಷ್ಟೇ ಓಡಾಡುವ ಗಾಡಿಗಳಲ್ಲಿ ಬ್ಯಾಟರಿ ಮತ್ತೆ ಮತ್ತೆ ಕೆಳಗಿಳಿಯುವುದಕ್ಕೆ ಕಾರಣ ಡೈನಮೋ. ಐಡ್ಲಿಂಗ್‌ನಲ್ಲಿ ಡೈನಮೋ ಚಾರ್ಜ್ ಮಾಡುವುದಿಲ್ಲ ಅಂದರೂ ಸರಿಯೇ. ಎಂ.ಜಿ. ರಸ್ತೆಯಿಂದ ಮಾರ್ಕೆಟ್ಟಿಗೆ ಹೋಗಿ ಬಂದರೆ ಸೆಲ್ಫ್ ಖರ್ಚು ಮಾಡಿದ್ದೂ ವಾಪಸ್ ತುಂಬುವುದಿಲ್ಲ. ವಾರಕ್ಕೊಮ್ಮೆಯಾದರೂ ಬೇಲೂರಿನ ತನಕ ಒಂದು ಓಟ ಕೊಟ್ಟರೆ ಬ್ಯಾಟರಿಯ ಆಯಸ್ಸು ಹೆಚ್ಚುತ್ತದೆ.

ಕ್ಲಾಂಪ್, ವೈರು, ಅರ್ತ್

ಇಲ್ಲಿ ಆತುರ ಬೇಡ. ಸೆಲ್ಫ್ ಮೋಟಾರ್ ನೂರು, ನೂರೈವತ್ತು ಆಂಪ್ ಎಳೆಯುತ್ತದೆ, ಚಳಿಯಲ್ಲಿ ಇನ್ನೂ ಜಾಸ್ತಿ. ಇಷ್ಟು ಕರೆಂಟ್ ಹರಿಯುವಾಗ ಎಷ್ಟು ಸಣ್ಣ ತಡೆಯೂ ದೊಡ್ಡದೇ. 150 ಆಂಪ್ ಹೋಗುವ ದಾರಿಯಲ್ಲಿ ಓಮ್‌ನ ನೂರರಲ್ಲಿ ಒಂದು ಪಾಲು ತಡೆ ಇದ್ದರೆ ಅಲ್ಲೇ 1.5 ವೋಲ್ಟ್ ಕರಗಿಹೋಗುತ್ತದೆ. ಇಷ್ಟು ಚಿಕ್ಕ ತಡೆಯನ್ನು ಸಾಧಾರಣ ಮೀಟರಿನ ಓಮ್ ಅಳತೆ ತೋರಿಸುವುದೇ ಇಲ್ಲ. 'ವೈರ್ ಕಂಟಿನ್ಯುಟಿ ಇದೆ, ಬೀಪ್ ಬರುತ್ತಿದೆ' ಅಂತ ಸಮಾಧಾನ ಪಟ್ಟುಕೊಂಡರೆ ಮೋಸಹೋಗುವುದು ಇದಕ್ಕೇ. ನೂರಾರು ಎಳೆಗಳಲ್ಲಿ ಎರಡು ಎಳೆ ಉಳಿದಿದ್ದರೂ ಬೀಪ್ ಬರುತ್ತದೆ.

ಮೊದಲು ಕಣ್ಣಿಗೆ ಕಾಣುವುದನ್ನು ನೋಡಿ. ಬ್ಯಾಟರಿ ಕ್ಲಾಂಪ್ ಮೇಲೆ ಬಿಳಿ ಹಸಿರು ಹುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆಯಿರಿ. ಸೆಲ್‌ಗಳ ಮುಚ್ಚಳ ಬಿಗಿಯಾಗಿರಲಿ, ಸೋಡಾ ನೀರು ಒಳಗೆ ಇಳಿಯಬಾರದು. ಹೊರಗೆ ಚೊಕ್ಕಟ ಮಾಡಿದರೆ ಸಾಲದು. ಕ್ಲಾಂಪ್ ಬಿಚ್ಚಿ ಒಳಮೈಯನ್ನೂ, ಬ್ಯಾಟರಿಯ ಸೀಸದ ಕಂಬವನ್ನೂ ಹೊಳಪು ಬರುವ ತನಕ ಉಜ್ಜಿ. ಬಿಗಿ ಮಾಡಿದ ಮೇಲೆ ಮೇಲಿಂದ ವ್ಯಾಸಲೀನ್ ಹಚ್ಚಿ. ಮೊದಲೇ ಹಚ್ಚಿ ಆಮೇಲೆ ಬಿಗಿ ಮಾಡುವುದಲ್ಲ.

ಆಮೇಲೆ ಅರ್ತ್. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿದೆ, ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಬ್ಯಾಟರಿ ಅರ್ತ್ ಬಾಡಿಗೆ ಬಂದಿರುತ್ತದೆ. ಬಾಡಿಯಿಂದ ಎಂಜಿನ್‌ಗೋ ಗೇರ್‌ಬಾಕ್ಸಿಗೋ ಹೆಣೆದ ತಾಮ್ರದ ಒಂದು ಪಟ್ಟಿ ಇರುತ್ತದೆ. ಗೇರ್‌ಬಾಕ್ಸ್ ಇಳಿಸಿ ಹತ್ತಿಸಿದಾಗ ಈ ಪಟ್ಟಿ ಹಾಕುವುದನ್ನು ಮರೆಯುವವರಿದ್ದಾರೆ. ಹಾಕಿದ್ದರೂ ಮಣ್ಣುರಸ್ತೆಯ ಕೆಸರು, ನೀರು ತಿಂದು ಅದು ಹಸಿರು ಪುಡಿಯಾಗಿರುತ್ತದೆ.

ಆಲ್ದೂರಿನ ಹತ್ತಿರದ ತೋಟವೊಂದರಲ್ಲಿ ನೋಡಿದ ಗಾಡಿ ಇದಕ್ಕೆ ಒಳ್ಳೇ ಉದಾಹರಣೆ. ಬ್ಯಾಟರಿ ಹೊಸದು, ಸೆಲ್ಫ್ ಮೋಟಾರ್ ಆಗತಾನೇ ವೈಂಡಿಂಗ್ ಮಾಡಿಸಿ ತಂದದ್ದು. ಆದರೂ ಸೆಲ್ಫ್ ಹೊಡೆದರೆ ಎಂಜಿನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು. "ಗೌಡ್ರೇ, ಚೋಕ್ ಎಳೆದು ನೋಡಿ" ಅಂದೆ. ಅವರು ಚೋಕ್ ಗುಂಡಿ ಹಿಡಿದವರೇ ಕೈ ಹಿಂದಕ್ಕೆ ತೆಗೆದುಕೊಂಡು "ಇದೇನು, ಬಿಸಿ ಇದೆಯಲ್ಲ!" ಅಂದರು. ಬಾನೆಟ್ ಒಳಗೆ ನೋಡಿದರೆ ಚೋಕ್ ಕೇಬಲ್ಲಿನ ಮೇಲುಹೊದಿಕೆ ಕಾರ್ಬ್ಯುರೇಟರ್ ಹತ್ತಿರ ಕಂದುಬಣ್ಣಕ್ಕೆ ತಿರುಗಿತ್ತು. ಅರ್ತ್ ಪಟ್ಟಿ ಇಲ್ಲದೆ, ಸೆಲ್ಫ್ ಕರೆಂಟ್ ಎಲ್ಲ ಆ ತೆಳ್ಳನೆಯ ಉಕ್ಕಿನ ಕೇಬಲ್ ಮೂಲಕ ಎಂಜಿನ್ನಿಗೂ ಬಾಡಿಗೂ ಹರಿದಾಡುತ್ತಿತ್ತು. ಜಂಪರ್ ಕೇಬಲ್ಲಿನ ಒಂದು ತುದಿಯನ್ನು ಎಂಜಿನ್ ಲಿಫ್ಟಿಂಗ್ ಕೊಂಡಿಗೆ, ಇನ್ನೊಂದನ್ನು ಬ್ಯಾಟರಿಯ ಅರ್ತ್ ತುದಿಗೆ ಕಚ್ಚಿಸಿ ಸೆಲ್ಫ್ ಹೊಡೆದಾಗ ಎಂಜಿನ್ ಗಿರ್ರನೆ ತಿರುಗಿತು. ಒಂದು ಹೊಸ ಪಟ್ಟಿ, ಎರಡು ಬೋಲ್ಟು, ಬಣ್ಣ ಕೆರೆದು ಹೊಳೆಯುವ ಲೋಹ. ಅಷ್ಟೇ ಕೆಲಸ. ನಿಮ್ಮ ಗಾಡಿಯಲ್ಲೂ ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಬಿಸಿಯಾಗುತ್ತಿದ್ದರೆ ಬೇರೆ ಏನನ್ನೂ ಹುಡುಕಬೇಡಿ.

ಜಂಪರ್ ಕೇಬಲ್ಲಿನ ಈ ಪರೀಕ್ಷೆ ಎಲ್ಲರೂ ಮಾಡಬಹುದಾದದ್ದು. ಇನ್ನೂ ನಿಖರವಾಗಿ ಬೇಕಾದರೆ ಮೀಟರ್ ಇದೆ. ಸೆಲ್ಫ್ ಹೊಡೆಯುತ್ತಿರುವಾಗ ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಅರ್ತ್ ಕಂಬದ ಮೇಲೂ, ಇನ್ನೊಂದನ್ನು ಸೆಲ್ಫ್ ಮೋಟಾರಿನ ಮೈ ಮೇಲೂ ಒತ್ತಿ ಹಿಡಿಯಿರಿ. ಕ್ಲಾಂಪ್ ಮೇಲೆ ಇಡಬೇಡಿ, ಸೀಸದ ಕಂಬದ ಮೇಲೇ ಇಡಿ. ಇಲ್ಲದಿದ್ದರೆ ಕ್ಲಾಂಪಿನ ದೋಷ ಲೆಕ್ಕಕ್ಕೆ ಸಿಗುವುದಿಲ್ಲ. 0.2, 0.3 ವೋಲ್ಟ್ ಒಳಗೆ ಬಂದರೆ ಅರ್ತ್ ಚೆನ್ನಾಗಿದೆ. ಒಂದು ವೋಲ್ಟ್ ಬಂದರೆ ಆ ದಾರಿಯಲ್ಲೇ ಕಳ್ಳ ಇದ್ದಾನೆ. ಆಗ ಮುಳ್ಳನ್ನು ಹಂತಹಂತವಾಗಿ ಸರಿಸಿ: ಕಂಬದಿಂದ ಕ್ಲಾಂಪಿಗೆ, ಕ್ಲಾಂಪಿಂದ ಬಾಡಿ ಬೋಲ್ಟಿಗೆ, ಬಾಡಿಯಿಂದ ಎಂಜಿನ್‌ಗೆ. ಅಳತೆ ಎಲ್ಲಿ ದಿಢೀರನೆ ಏರುತ್ತದೋ ಅಲ್ಲೇ ದೋಷ.

ಇದೇ ರೀತಿ ಇನ್ನೊಂದು ಕಡೆಯನ್ನೂ ಅಳೆಯಿರಿ. ಅರ್ತ್ ಅಲ್ಲದ ಬ್ಯಾಟರಿ ಕಂಬದಿಂದ ಸೆಲ್ಫ್ ಮೋಟಾರಿನ ದಪ್ಪ ಟರ್ಮಿನಲ್‌ವರೆಗೆ ಒಟ್ಟು ಅರ್ಧ ವೋಲ್ಟ್ ಮೀರಬಾರದು. ಮೀಟರ್ ಇಲ್ಲದೆ ರಸ್ತೆಯಲ್ಲಿ ಸಿಕ್ಕಿಕೊಂಡರೆ ಕೈಯನ್ನೇ ಬಳಸಬಹುದು. ಹತ್ತು ಸೆಕೆಂಡ್ ಸೆಲ್ಫ್ ಹೊಡೆದು ನಿಲ್ಲಿಸಿ, ಒಂದೊಂದು ಜೋಡಣೆಯನ್ನೂ ಹುಷಾರಾಗಿ ಮುಟ್ಟಿ ನೋಡಿ. ತಡೆ ಇರುವ ಕಡೆ ಬಿಸಿ ಇರುತ್ತದೆ.

ವೈರ್ ಹಾಕಿಸುವಾಗ ತೆಳ್ಳಗಿನದನ್ನು ಒಪ್ಪಬೇಡಿ. ಹೊರಗಿನ ಪ್ಲಾಸ್ಟಿಕ್ ದಪ್ಪ, ಒಳಗೆ ತಾಮ್ರ ಕಮ್ಮಿ ಇರುವ ಕೇಬಲ್ಲುಗಳು ಸಿಗುತ್ತವೆ. ತುದಿ ಬಿಡಿಸಿ ಎಳೆ ನೋಡಿ ತೆಗೆದುಕೊಳ್ಳಿ. 25ರಿಂದ 35 ಚದರ ಮಿಲಿಮೀಟರ್ ತಾಮ್ರ ಇದ್ದರೆ ಈ ಎಂಜಿನ್‌ಗೆ ಧಾರಾಳ. ಲಗ್ಗನ್ನು ಸುತ್ತಿಗೆಯಿಂದ ಚಪ್ಪಟೆ ಮಾಡುವ ಬದಲು ಸರಿಯಾದ ಕ್ರಿಂಪಿಂಗ್ ಮಾಡಿಸಿ.

ಸೊಲೆನಾಯ್ಡ್ ಮತ್ತು ಕೀ

ಬ್ಯಾಟರಿ, ಅರ್ತ್ ಎರಡೂ ಸರಿ. ಆದರೂ ಬರೀ 'ಟಕ್', ಅಥವಾ ಅದೂ ಇಲ್ಲ. ಈಗ ಸೊಲೆನಾಯ್ಡ್ ಹತ್ತಿರ ಬನ್ನಿ. ಅದಕ್ಕೆ ಎರಡು ದಪ್ಪ ಟರ್ಮಿನಲ್, ಒಂದು ಸಣ್ಣ ವೈರ್. ಕೀ ಸ್ಟಾರ್ಟ್‌ಗೆ ತಿರುಗಿಸಿದಾಗ ಸಣ್ಣ ವೈರಿಗೆ ಬಲ್ಬು ಹಿಡಿದು ನೋಡಿ. ಬಲ್ಬು ಹತ್ತಲಿಲ್ಲ ಅಂದರೆ ದೋಷ ಕೀ ಸ್ವಿಚ್ಚಿನಲ್ಲಿ ಅಥವಾ ಆ ವೈರಿನಲ್ಲಿ. ಶೆಡ್ಡಿನಲ್ಲಿ ನಿಂತ ಗಾಡಿಯಾದರೆ ಇಲಿ ಕಡಿದಿದೆಯಾ ಅಂತಲೂ ನೋಡಿ. ಮಳೆಗಾಲದಲ್ಲಿ ಎಂಜಿನ್ ಬೆಚ್ಚಗಿರುವ ಕಡೆ ಅವು ಬಂದು ಸೇರಿಕೊಳ್ಳುತ್ತವೆ.

ಬಲ್ಬು ಚೆನ್ನಾಗಿ ಹತ್ತಿ 'ಟಕ್' ಅಂದರೂ ಮೋಟಾರ್ ತಿರುಗದಿದ್ದರೆ ಎರಡು ದಪ್ಪ ಟರ್ಮಿನಲ್‌ಗಳ ನಡುವೆ ಮೀಟರ್ ಇಡಿ. ಸುಮ್ನೆ ಇರುವಾಗ 12 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆದ ಕ್ಷಣ ಅದು ಸೊನ್ನೆಯ ಹತ್ತಿರ ಬೀಳಬೇಕು. ಒಂದೆರಡು ವೋಲ್ಟ್ ಉಳಿದುಕೊಂಡರೆ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟು ಕರಕಲಾಗಿದೆ. ಮೀಟರ್ ಇಲ್ಲದಿದ್ದರೆ ಎರಡು ದಪ್ಪ ಟರ್ಮಿನಲ್‌ಗಳನ್ನು ದಪ್ಪ ಜಂಪರ್ ಕೇಬಲ್ಲಿನಿಂದ ಒಂದು ಕ್ಷಣ ಕೂಡಿಸಿ. ಮೋಟಾರ್ ಜೋರಾಗಿ ತಿರುಗಿದರೆ ಸೊಲೆನಾಯ್ಡ್ ಬದಲಿಸಿ. ಸ್ಕ್ರೂ ಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಪದ್ಧತಿ ಎಲ್ಲ ಕಡೆ ಇದೆ. ದಯವಿಟ್ಟು ಬೇಡ. ಅಲ್ಲೇ ಪಕ್ಕದಲ್ಲಿ ಪೆಟ್ರೋಲ್ ಪೈಪ್ ಇರುತ್ತದೆ. ಲ್ಯೂಕಾಸ್‌ನ ಕೆಲವು ಹಳೇ ಸೊಲೆನಾಯ್ಡುಗಳಲ್ಲಿ ರಬ್ಬರ್ ಟೋಪಿಯೊಳಗೆ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಕೀ ಇಲ್ಲದೆಯೂ ಸೆಲ್ಫ್ ತಿರುಗುತ್ತದೆ. ನಿಮ್ಮದರಲ್ಲಿ ಅದು ಇದ್ದರೆ ಪರೀಕ್ಷೆ ಇನ್ನೂ ಸುಲಭ.

'ಟಕ್ ಟಕ್ ಟಕ್' ಅಂತ ಬಿಡದೆ ಬಡಿದುಕೊಳ್ಳುವ ಸದ್ದು ಬೇರೆ. ಅದು ಸೊಲೆನಾಯ್ಡ್ ದೋಷ ಅಂತ ಅನ್ನಿಸುತ್ತದೆ, ಆದರೆ ಸಾಮಾನ್ಯವಾಗಿ ಬ್ಯಾಟರಿಯದು. ಕಾಂಟ್ಯಾಕ್ಟ್ ಕೂಡಿದ ತಕ್ಷಣ ವೋಲ್ಟೇಜ್ ಕುಸಿದು ಸೊಲೆನಾಯ್ಡ್ ಕೈಬಿಡುತ್ತದೆ, ಬಿಟ್ಟ ಕೂಡಲೇ ವೋಲ್ಟೇಜ್ ಏರಿ ಮತ್ತೆ ಹಿಡಿಯುತ್ತದೆ.

ಮೋಟಾರ್ ತಿರುಗುತ್ತದೆ, ಎಂಜಿನ್ ತಿರುಗಲ್ಲ

ಬೆಂಡಿಕ್ಸ್ ಕೆಲಸ ಮಾಡುವ ಬಗೆ ನೋಡಲು ಚೆಂದ. ಪಿನಿಯನ್ ಒಂದು ಮರೆ (ಸ್ಕ್ರೂ ಥ್ರೆಡ್) ಇರುವ ತೋಳಿನ ಮೇಲೆ ಕೂತಿರುತ್ತದೆ. ಮೋಟಾರ್ ದಿಢೀರನೆ ತಿರುಗಿದಾಗ ಪಿನಿಯನ್ ತನ್ನ ಭಾರಕ್ಕೆ ಹಿಂದೆ ಉಳಿದು, ಮರೆ ಮೇಲೆ ಜಾರಿಕೊಂಡು ಹೋಗಿ ಫ್ಲೈವೀಲ್‌ನ ರಿಂಗ್ ಗೇರಿಗೆ ಕಚ್ಚಿಕೊಳ್ಳುತ್ತದೆ. ಎಂಜಿನ್ ಸ್ಟಾರ್ಟ್ ಆದ ಕೂಡಲೇ ಫ್ಲೈವೀಲ್ ಅದನ್ನು ಇನ್ನೂ ಜೋರಾಗಿ ತಿರುಗಿಸಿ ವಾಪಸ್ ಎಸೆಯುತ್ತದೆ. ಜಾರುವ ಆ ಮರೆಯಲ್ಲಿ ಕ್ಲಚ್ ಧೂಳು, ಎಣ್ಣೆ ಕಲೆತು ಮೇಣದಂತಾದರೆ ಪಿನಿಯನ್ ಜಾಗ ಬಿಟ್ಟು ಕದಲುವುದಿಲ್ಲ. ಮೋಟಾರ್ ಮಾತ್ರ 'ಝುಂಯ್' ಅನ್ನುತ್ತದೆ. ಚಳಿಗಾಲದ ಬೆಳಿಗ್ಗೆ ಕಾಫಿ ಕೊಯ್ಲಿನ ಹೊತ್ತಿಗೆ ಈ ದೂರು ಹೆಚ್ಚು, ಜಿಡ್ಡು ಚಳಿಗೆ ಗಟ್ಟಿಯಾಗುತ್ತದೆ.

ಇದಕ್ಕೆ ಗ್ರೀಸ್ ಹಚ್ಚುವುದು ಪರಿಹಾರವಲ್ಲ. ಗ್ರೀಸೇ ಧೂಳನ್ನು ಹಿಡಿದಿಡುತ್ತದೆ. ಮೋಟಾರ್ ಇಳಿಸಿ, ಬೆಂಡಿಕ್ಸ್ ತುದಿಯನ್ನು ಕೆಳಮುಖ ಹಿಡಿದು ಸೀಮೆಎಣ್ಣೆಯಲ್ಲಿ ಬ್ರಶ್ಶಿನಿಂದ ತೊಳೆಯಿರಿ. ಕೆಳಮುಖ ಯಾಕೆಂದರೆ ಎಣ್ಣೆ ಮೋಟಾರಿನೊಳಗೆ ಇಳಿಯಬಾರದು. ಒಣಗಿದ ಮೇಲೆ ಪಿನಿಯನ್ನನ್ನು ಬೆರಳಿನಿಂದ ತಿರುಗಿಸಿ. ಮರೆ ಮೇಲೆ ಸರಾಗ ಹೋಗಿ, ಬಿಟ್ಟರೆ ಸ್ಪ್ರಿಂಗ್ ಅದನ್ನು ವಾಪಸ್ ತರಬೇಕು. ಸವರಲೇಬೇಕು ಅನ್ನಿಸಿದರೆ ಹೊಲಿಗೆ ಮಿಷನ್ ಎಣ್ಣೆಯಂಥ ತೆಳು ಎಣ್ಣೆ ಒಂದೇ ಹನಿ. ಸ್ಪ್ರಿಂಗ್ ಮುರಿದಿದ್ದರೆ, ಪಿನಿಯನ್ ಹಲ್ಲಿನ ಮೂತಿ ಸವೆದು ಮೊಂಡಾಗಿದ್ದರೆ ಬೆಂಡಿಕ್ಸನ್ನೇ ಬದಲಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತದೆ. ಹೋಗುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ, ಹಲ್ಲು ಎಣಿಸಿ ಹೊಂದಿಸಿಕೊಳ್ಳಿ.

ಇದಕ್ಕೆ ತದ್ವಿರುದ್ಧ ದೋಷವೂ ಉಂಟು. ಪಿನಿಯನ್ ರಿಂಗ್ ಗೇರಿನಲ್ಲಿ ಸಿಕ್ಕಿಕೊಂಡು ವಾಪಸ್ ಬರದೆ ನಿಂತುಬಿಡುತ್ತದೆ. ಸೆಲ್ಫ್ ಹೊಡೆದರೆ 'ಟಕ್', ಲೈಟು ಬತ್ತಿಹೋಗುತ್ತದೆ. ಬ್ಯಾಟರಿ ಹೋಯಿತು ಅಂತ ಅನ್ನಿಸುವುದು ಸಹಜ. ಇಗ್ನಿಷನ್ ಆಫ್ ಮಾಡಿ, ಸಮತಟ್ಟು ಜಾಗದಲ್ಲಿ ನಾಲ್ಕನೇ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಗಾಡಿಯನ್ನು ಹಿಂದೆ ಮುಂದೆ ಅಲ್ಲಾಡಿಸಿ. 'ಕಟಕ್' ಅಂತ ಬಿಟ್ಟುಕೊಂಡ ಸದ್ದು ಕೇಳುತ್ತದೆ. ಚಾರ್ಮಾಡಿ ಘಾಟಿಯಂಥ ಇಳಿಜಾರಿನಲ್ಲಿ ಇದನ್ನು ಮಾಡಲು ಹೋಗಬೇಡಿ. ಅಲ್ಲಿ ಇನ್ನೊಂದು ದಾರಿ ಇದೆ. ಮೋಟಾರಿನ ಹಿಂಬದಿಯ ಸಣ್ಣ ಟೋಪಿ ತೆಗೆದರೆ ಶಾಫ್ಟಿನ ಚೌಕ ತುದಿ ಕಾಣುತ್ತದೆ. ಸ್ಪ್ಯಾನರ್ ಹಾಕಿ ಆ ಕಡೆ ಈ ಕಡೆ ತಿರುಗಿಸಿದರೆ ಪಿನಿಯನ್ ಬಿಡಿಸಿಕೊಳ್ಳುತ್ತದೆ. ಪದೇ ಪದೇ ಸಿಕ್ಕಿಕೊಳ್ಳುತ್ತಿದ್ದರೆ ಮೋಟಾರಿನ ಎರಡು ಬೋಲ್ಟ್ ಸಡಿಲವಾಗಿವೆಯಾ ನೋಡಿ, ಆಮೇಲೆ ಹಲ್ಲುಗಳನ್ನು ನೋಡಿ.

ಈ ಯಾವುದೂ ಅಲ್ಲದೆ ಎಂಜಿನ್ನೇ ಹಿಡಿದುಕೊಂಡಿದ್ದರೆ? ಅದಕ್ಕೇ ಎಂಜಿನ್ನನ್ನು ಕೈಯಿಂದ ತಿರುಗಿಸುವ ಹ್ಯಾಂಡಲ್ ಇರುವುದು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಗ್ನಿಷನ್ ಆಫ್ ಮಾಡಿ ಹ್ಯಾಂಡಲ್ ತಿರುಗಿಸಿ. ಸಲೀಸಾಗಿ ತಿರುಗಿದರೆ ಎಂಜಿನ್ ನಿರಾಳ. ಪ್ಲಗ್ ತೂತಿನಿಂದ ನೀರು ಚಿಮ್ಮಿದರೆ ಸಮಸ್ಯೆ ಹೆಡ್ ಗ್ಯಾಸ್ಕೆಟ್ಟಿನದು, ಸೆಲ್ಫಿನದಲ್ಲ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಿ, ಸುತ್ತಿ ಹಿಡಿಯಬೇಡಿ. ಎಂಜಿನ್ ಒದ್ದರೆ ಹೆಬ್ಬೆರಳು ಮುರಿಯುತ್ತದೆ.

ತಣ್ಣಗಿದ್ದಾಗ ಸರಿ, ಬಿಸಿಯಾದರೆ ತಗೊಳ್ಳಲ್ಲ

ಘಾಟಿ ಹತ್ತಿ ಬಂದು, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ವಾಪಸ್ ಬಂದು ಕೀ ತಿರುಗಿಸಿದರೆ ಎಂಜಿನ್ ಮಂಕಾಗಿ ತಿರುಗುತ್ತದೆ. ಬೆಳಿಗ್ಗೆ ಮನೆಯಲ್ಲಿ ಚೆನ್ನಾಗಿತ್ತು, ಅಲ್ವಾ? ಇದರಲ್ಲಿ ಎರಡು ಅನುಮಾನ. ಒಂದು, ಇಗ್ನಿಷನ್ ಟೈಮಿಂಗ್ ಮುಂದಾಗಿರುವುದು. ಪಿಸ್ಟನ್ ಮೇಲೆ ಬರುವ ಮುಂಚೆಯೇ ಕಿಡಿ ಬಿದ್ದು ಎಂಜಿನ್ ಸೆಲ್ಫಿಗೆ ಎದುರು ಒದೆಯುತ್ತದೆ. ಕಾಯಿಲ್ ವೈರ್ ಕಿತ್ತು ಸೆಲ್ಫ್ ಹೊಡೆದು ನೋಡಿ. ಆಗ ಸಲೀಸಾಗಿ ತಿರುಗಿದರೆ ಟೈಮಿಂಗ್ ಸರಿಮಾಡಿಸಿ. ಕಿತ್ತರೂ ಮಂಕಾಗಿಯೇ ಇದ್ದರೆ ಎರಡನೇ ಅನುಮಾನ, ಮೋಟಾರಿನ ಶಾಫ್ಟ್ ಕೂರುವ ಬುಶ್. ಬುಶ್ ಸವೆದಾಗ ಮೋಟಾರಿನೊಳಗೆ ತಿರುಗುವ ಆರ್ಮೇಚರ್ ಓಲಾಡಿ ಸುತ್ತಲಿನ ಪೋಲ್ ಶೂಗಳಿಗೆ ಉಜ್ಜುತ್ತದೆ. ಬಿಸಿಗೆ ಉಜ್ಜಾಟ ಇನ್ನೂ ಹೆಚ್ಚು. ಮೋಟಾರ್ ಬಿಚ್ಚುವುದಕ್ಕೆ ಈಗ ಕಾರಣ ಸಿಕ್ಕಿತು.

ಮೋಟಾರ್ ಬಿಚ್ಚಿದ ಮೇಲೆ

ಬ್ಯಾಟರಿ ಅರ್ತ್ ತೆಗೆದು, ದಪ್ಪ ವೈರ್ ಬಿಚ್ಚಿ, ಎರಡು ಬೋಲ್ಟ್ ತೆಗೆದರೆ ಮೋಟಾರ್ ಈಚೆ ಬರುತ್ತದೆ. ಭಾರ ಇದೆ, ಕೈ ಜಾರದಂತೆ ಹಿಡಿಯಿರಿ. ಹಿಂಬದಿಯ ತಗಡಿನ ಪಟ್ಟಿ ಸರಿಸಿದರೆ ಕಿಟಕಿಗಳ ಮೂಲಕ ಬ್ರಶ್, ಅದು ತಾಗಿಕೊಂಡಿರುವ ತಾಮ್ರಪಟ್ಟಿಗಳ ಕಮ್ಯುಟೇಟರ್ ಕಾಣುತ್ತವೆ. ಪಟ್ಟಿಯ ಒಳಮೈಯಲ್ಲಿ ಬೆಳ್ಳಗೆ ಸೀಸದ ಚುಕ್ಕೆಗಳು ಸಿಡಿದು ಅಂಟಿದ್ದರೆ ಮೋಟಾರ್ ವಿಪರೀತ ಕಾದು ಆರ್ಮೇಚರಿನ ಬೆಸುಗೆ ಕರಗಿದೆ. ಅಂಥ ಆರ್ಮೇಚರ್ ವೈಂಡಿಂಗ್ ಅಂಗಡಿಗೇ ಹೋಗಬೇಕು.

ಬ್ರಶ್ಶನ್ನು ಅದರ ವೈರ್ ಹಿಡಿದು ಮೆಲ್ಲಗೆ ಎಳೆದು ಬಿಡಿ. ಹೋಲ್ಡರಿನಲ್ಲಿ ಸರಾಗ ಮೇಲೆ ಕೆಳಗೆ ಆಡಬೇಕು. ಸಿಕ್ಕಿಕೊಂಡರೆ ಪೆಟ್ರೋಲ್ ಬಟ್ಟೆಯಿಂದ ಒರೆಸಿ. ಉದ್ದ 8 ಮಿಲಿಮೀಟರಿಗಿಂತ ಕಮ್ಮಿ ಇದ್ದರೆ ಹೊಸದು ಹಾಕಿ. ಸೆಲ್ಫಿನ ಬ್ರಶ್‌ನಲ್ಲಿ ತಾಮ್ರದ ಅಂಶ ಜಾಸ್ತಿ ಇರಬೇಕು. ಡೈನಮೋದ ಕರೀ ಕಾರ್ಬನ್ ಬ್ರಶ್ ಉಜ್ಜಿ ಇಲ್ಲಿ ಕೂರಿಸಿದರೆ ಅಷ್ಟು ಕರೆಂಟ್ ಅದು ತಾಳುವುದಿಲ್ಲ.

ಕಮ್ಯುಟೇಟರ್ ಕಪ್ಪಾಗಿದ್ದರೆ ನಯವಾದ ಉಪ್ಪುಕಾಗದದ ಪಟ್ಟಿ ಸುತ್ತಿ ಉಜ್ಜಿ. ಎಮರಿ ಬಟ್ಟೆ ಬೇಡ, ಅದರ ಪುಡಿ ತಾಮ್ರದ ಪಟ್ಟಿಗಳ ನಡುವೆ ಕೂತು ಶಾರ್ಟ್ ಮಾಡುತ್ತದೆ. ಇನ್ನೊಂದು ವಿಷಯ ಮೆಕ್ಯಾನಿಕ್‌ಗೆ ಮೊದಲೇ ಹೇಳಿಬಿಡಿ. ಡೈನಮೋ ಕಮ್ಯುಟೇಟರಿನಲ್ಲಿ ಪಟ್ಟಿಗಳ ನಡುವಿನ ಮೈಕಾ ಕೊರೆದು ತಗ್ಗಿಸುತ್ತಾರೆ. ಲ್ಯೂಕಾಸ್ ಸೆಲ್ಫಿನಲ್ಲಿ ಹಾಗೆ ಕೊರೆಯಬಾರದು.

ಬುಶ್ ಹೊಸದು ಹಾಕುವುದಾದರೆ ಅದನ್ನು ಹಿಂದಿನ ದಿನವೇ ತೆಳು ಎಂಜಿನ್ ಆಯಿಲ್‌ನಲ್ಲಿ ಮುಳುಗಿಸಿಡಿ. ಈ ಕಂಚಿನ ಬುಶ್ ಎಣ್ಣೆ ಹೀರಿಕೊಳ್ಳುವಂಥದ್ದು, 24 ಗಂಟೆ ನೆನೆದರೆ ಒಳಗೆಲ್ಲ ಎಣ್ಣೆ ತುಂಬುತ್ತದೆ. ಕೂರಿಸಿದ ಮೇಲೆ ರೀಮರ್ ಹಾಕಿ ಕೊರೆದರೆ ರಂಧ್ರಗಳು ಮುಚ್ಚಿಹೋಗುತ್ತವೆ, ಅದಕ್ಕೇ ಸರಿಯಾದ ಅಳತೆಯದನ್ನೇ ತರಬೇಕು.

ಜೋಡಿಸಿದ ಮೇಲೆ ಮೋಟಾರನ್ನು ವೈಸ್‌ಗೆ ಗಟ್ಟಿಯಾಗಿ ಕಚ್ಚಿಸಿ ಜಂಪರ್ ಕೇಬಲ್ಲಿನಿಂದ ಒಂದೆರಡು ಸೆಕೆಂಡ್ ತಿರುಗಿಸಿ ನೋಡಿ. ನೆಲದ ಮೇಲೆ ಇಟ್ಟು ಕಾಲಲ್ಲಿ ಒತ್ತಿ ಹಿಡಿಯುವುದು ಬೇಡ, ಅದು ಎಗರುತ್ತದೆ. ಹೊರೆ ಇಲ್ಲದೆ ಜಾಸ್ತಿ ಹೊತ್ತು ತಿರುಗಿಸಿದರೆ ವೇಗ ಏರುತ್ತಲೇ ಹೋಗಿ ಆರ್ಮೇಚರ್ ಹಾಳಾಗುತ್ತದೆ.

ಮೋಟಾರ್ ಕೂರಿಸುವ ಮುಂಚೆ ಆ ತೂತಿನಲ್ಲಿ ಟಾರ್ಚ್ ಬಿಟ್ಟು, ಒಬ್ಬರು ಹ್ಯಾಂಡಲ್ ತಿರುಗಿಸುತ್ತಿರುವಾಗ ರಿಂಗ್ ಗೇರನ್ನು ಒಂದು ಸುತ್ತು ಪೂರ್ತಿ ನೋಡಿ. ನಾಲ್ಕು ಸಿಲಿಂಡರ್ ಎಂಜಿನ್ ಆಫ್ ಮಾಡಿದಾಗ ಹೆಚ್ಚಾಗಿ ಎರಡೇ ಜಾಗದಲ್ಲಿ ಬಂದು ನಿಲ್ಲುತ್ತದೆ. ಎದುರುಬದುರಿನ ಆ ಎರಡು ಕಡೆಯ ಹಲ್ಲೇ ಸವೆಯುವುದು. ಒಮ್ಮೊಮ್ಮೆ ಕರಕರ ಅಂದು, ಹ್ಯಾಂಡಲ್‌ನಿಂದ ಸ್ವಲ್ಪ ತಿರುಗಿಸಿದರೆ ಸರಿಹೋಗುವ ಗಾಡಿಗಳ ಕಥೆ ಇದೇ. ಗೇರ್‌ಬಾಕ್ಸ್ ಇಳಿಸದೆ ಇದಕ್ಕೆ ಪರಿಹಾರ ಇಲ್ಲ. ಹಾಗಾಗಿ ಮುಂದೆ ಕ್ಲಚ್ ಪ್ಲೇಟ್ ಬದಲಿಸುವ ದಿನ ಬಂದಾಗ ರಿಂಗನ್ನೂ ಬದಲಿಸಲು ಹೇಳಿ, ಕೂಲಿ ಒಂದೇ ಸಲ ಮುಗಿಯುತ್ತದೆ.

ಮಳೆಗಾಲದ ಶೆಡ್ಡು

ಆರಿದ್ರಾ ಮಳೆ ಹಿಡಿದರೆ ಆಶ್ಲೇಷಾ ಮುಗಿಯುವ ತನಕ ನಮ್ಮಲ್ಲಿ ಎಷ್ಟೋ ಗಾಡಿಗಳು ಹೊರಗೇ ಬರುವುದಿಲ್ಲ. ನಿಂತ ಬ್ಯಾಟರಿ ತಾನಾಗಿ ಇಳಿಯುತ್ತದೆ, ಇಳಿದ ಬ್ಯಾಟರಿಯ ಪ್ಲೇಟಿಗೆ ಸಲ್ಫೇಟ್ ಹಿಡಿಯುತ್ತದೆ. ಅರ್ತ್ ಕ್ಲಾಂಪ್ ಬಿಚ್ಚಿಡಿ. ತಿಂಗಳಿಗೊಮ್ಮೆ ಬ್ಯಾಟರಿಯನ್ನು ಮನೆಯೊಳಗೆ ತಂದು, ಕಿಟಕಿ ತೆರೆದು ಚಾರ್ಜ್ ಮಾಡಿ. ನೀರಿನ ಮಟ್ಟ ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಬಾವಿ ನೀರು ಬೇಡ. ಶೆಡ್ಡಿನಲ್ಲಿ ಸುಮ್ನೆ ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸುವುದರಿಂದ ಪ್ರಯೋಜನವಿಲ್ಲ. ಡೈನಮೋ ಗಾಡಿಯಲ್ಲಿ ಅದು ಬ್ಯಾಟರಿಯನ್ನು ಇನ್ನಷ್ಟು ಇಳಿಸುತ್ತದೆ, ಸೈಲೆನ್ಸರಿನಲ್ಲೂ ನೀರು ನಿಲ್ಲುತ್ತದೆ. ಮಳೆ ಬಿಟ್ಟ ಮೇಲೆ ಮೊದಲ ಸಲ ಹೊರಗೆ ತೆಗೆಯುವಾಗ ಎಂಜಿನ್ ಅರ್ತ್ ಪಟ್ಟಿಯ ಎರಡೂ ಬೋಲ್ಟ್ ಬಿಚ್ಚಿ ಉಜ್ಜಿ ಬಿಗಿ ಮಾಡಿ, ಆಮೇಲೆ ಸೆಲ್ಫ್ ಹೊಡೆಯಿರಿ. ಹತ್ತು ಸೆಕೆಂಡಿಗಿಂತ ಜಾಸ್ತಿ ಒಂದೇ ಸಮನೆ ಬೇಡ. ಹಿಡಿಯಲಿಲ್ಲ ಅಂದರೆ ಅರ್ಧ ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ.